ಫ್ರಯರ್ ಕೆಲಸಕ್ಕೆ ಬಾಣಲೆ ಬೇಡ

ಆ ಕೋಣೆಯಲ್ಲಿ ಇದ್ದವರು ಇಷ್ಟು: ಕೊರಳಿಗೆ ಉದ್ದನೆಯ ಶಾಲನ್ನು ಸುತ್ತಿ ಸುತ್ತಿ ಕೂತಿದ್ದ ಫಿಲಿಪಾ ಮೇಡಂ, ಅವರ ಪಕ್ಕದಲ್ಲಿ ಒಂದೂ ಮಾತಾಡದೆ ತಲೆ ಅಲ್ಲಾಡಿಸುತ್ತಿದ್ದ ಒಬ್ಬ ತೆಳ್ಳಗಿನ ಮನುಷ್ಯ, ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ತಲೆಬುರುಡೆ, ಎದುರಿಗೆ ನಾನು, ನನ್ನ ತೊಡೆಯ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಇನ್ನೂ ಬೆಚ್ಚಗಿದ್ದ ಗೋಳಿಬಜೆ.

ಗೋಳಿಬಜೆ ಯಾಕೆ ಬಂತು ಎಂದು ಹೇಳಬೇಕು. ನನ್ನ ಗೆಳೆಯ ಬಸಣ್ಣ ವಿಜಯಪುರದ ಕಡೆಯವನು, ವೆಂಬ್ಲಿಯಲ್ಲಿ ಮನೆ, ಶಾಲೆಯ ಮಕ್ಕಳನ್ನು ಅಲ್ಲಿ ಇಲ್ಲಿ ನೋಡಲು ಕರೆದೊಯ್ಯುವ ಕೋಚ್‌ನ ಡ್ರೈವರ್. ನಾನು ಕೆಲಸ ಮಾಡುತ್ತಿದ್ದ ಹೋಟೆಲು ಮುಚ್ಚಿ, ನಾನು ಎಜ್‌ವೇರ್‌ನ ಮನೆಯಲ್ಲಿ ಹೆಂಡತಿ ಲಿಲ್ಲಿಯ ಕಣ್ಣಿಗೆ ದಿನವಿಡೀ ಬೀಳುತ್ತಾ, ಬೈಸಿಕೊಳ್ಳುತ್ತಾ ಕೂತಿದ್ದ ಕಾಲ. ಬಸಣ್ಣನ ಫೋನ್ ಬಂತು.

"ಸಿರಿಲಣ್ಣ, ಬ್ಲ್ಯಾಕ್‌ಫ್ರಯರ್ಸ್ ಸ್ಟೇಷನ್ ಹತ್ರ ಒಂದು ಫ್ರಯರ್ ಕೆಲಸ ಖಾಲಿ ಐತಂತ. ಮಕ್ಕಳನ್ನ ಇಳಸಾಕ ಹೋದಾಗ ಕೇಳಿಸ್ಕೊಂಡೆ. ನೀ ಉಡುಪಿ ಕಡೀಂವ, ಕರಿಯೂದು ನಿನ್ನ ರಕ್ತದಾಗ ಐತಿ. ಹೋಗಿಬಿಡು."

ನಾನೂ ಯೋಚಿಸಲಿಲ್ಲ. ಕಿವಿಯ ಮೇಲೆ ಬಿದ್ದಾಗಲೂ ಅಷ್ಟೇ, ಕನ್ನಡದಲ್ಲಿ ಬರೆದಾಗಲೂ ಅಷ್ಟೇ, ಎರಡೂ ಒಂದೇ: ಮೀನು ಕರಿಯುವವನೂ ಫ್ರಯರ್, ಜನರ ಪಾಪ ಕರಗಿಸುವವನೂ ಫ್ರಯರ್. ಬರಿಗೈಯಲ್ಲಿ ಹೋಗುವುದು ಬೇಡ, ಕೈರುಚಿ ತೋರಿಸಿಯೇ ಬಿಡುವ ಎಂದು ಬೆಳಿಗ್ಗೆ ಎದ್ದು ಕರಿದುಕೊಂಡು ಹೋದೆ.

"ಈ ಕೆಲಸದಲ್ಲಿ ನಿಮಗೆ ಅನುಭವ ಇದೆಯೇ?" ಎಂದು ಫಿಲಿಪಾ ಮೇಡಂ ಕೇಳಿದರು.

"ಹರೆಯದಿಂದ ಇದೇ ಮಾಡುತ್ತಿದ್ದೇನೆ ಮೇಡಂ. ನನ್ನ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು."

ಮೇಡಂ ಕಣ್ಣು ಅಗಲವಾಯಿತು. "ಈ ಕೆಲಸದ ಗುಟ್ಟು ಏನು ಅಂತೀರಿ?"

"ಬೆಂಕಿ," ಎಂದೆ. "ಉರಿ ಜೋರಾದರೆ ಹೊರಗೆ ಕಪ್ಪಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ನೋಡಿದವರು ಬೆಂದಿದೆ ಅಂದುಕೊಳ್ಳುತ್ತಾರೆ, ಬೆಂದಿರುವುದಿಲ್ಲ. ಹದ ಉರಿಯಲ್ಲಿ ನಿಧಾನಕ್ಕೆ ಒಳಗಿನವರೆಗೂ ಬೇಯಬೇಕು. ಆಗ ತಾನೇ ಮೇಲೆ ತೇಲಿ ಬರುತ್ತದೆ."

ಮೇಡಂ ಪೆನ್ನು ಕೆಳಗಿಟ್ಟರು. ತೆಳ್ಳಗಿನ ಮನುಷ್ಯ ತಲೆ ಅಲ್ಲಾಡಿಸುವುದನ್ನೂ ನಿಲ್ಲಿಸಿದ. "ಪಶ್ಚಾತ್ತಾಪವನ್ನು ಇಷ್ಟು ಚೆನ್ನಾಗಿ ವಿವರಿಸಿದವರನ್ನು ನಾನು ಇದುವರೆಗೆ ನೋಡಿಲ್ಲ," ಎಂದರು ಮೇಡಂ.

ನನಗೆ ಇವರು ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಆಗ ಮೊದಲ ಸಲ ಸಂಶಯ ಬಂತು. ತಲೆಬುರುಡೆಯನ್ನು ಇನ್ನೊಮ್ಮೆ ನೋಡಿದೆ. ಮೀನಿನ ಅಂಗಡಿಯಲ್ಲಿ ಅದಕ್ಕೇನು ಕೆಲಸ? ಡಬ್ಬಿ ತೆರೆದೆ. ವಿಷಯ ಹೊರಗೆ ಬಂತು. ನಕ್ಕು ನಕ್ಕು ಮೇಡಂ ಶಾಲು ಬಿಚ್ಚಿಕೊಂಡರು, ಗೋಳಿಬಜೆ ತಿಂದರು, ಇನ್ನೊಂದು ತಿಂದರು, ತೆಳ್ಳಗಿನವನ ಪಾಲನ್ನೂ ತಿಂದರು. ಕೆಲಸ ಸಿಕ್ಕಿತು.

ಈಗ ನಾನು ಕೆಲಸ ಬಿಡುವ ಹೊತ್ತು, ನನ್ನ ಅಂಗಿ ತೊಡಲು ಹೊಸಬರು ಬರುತ್ತಿದ್ದಾರೆ. "ಅಂಕಲ್, ಏನಾದರೂ ಟಿಪ್ಸ್ ಕೊಡಿ" ಎಂದು ಕೇಳುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಬಡ್ತಿಯ ಕಥೆ ನನ್ನಲ್ಲಿ ಇಲ್ಲ. ಸೇರುವಾಗಲೂ ಫ್ರಯರ್, ಬಿಡುವಾಗಲೂ ಫ್ರಯರ್.

ಕೆಲಸ ಏನೆಂದರೆ: ಹಳೆಯ ಗೋಡೆಯ ತುಂಡೊಂದನ್ನು ನಂಬಿಕೊಂಡು ನಡೆಯುತ್ತಿದ್ದ ಸಣ್ಣ ಮ್ಯೂಸಿಯಂ ನಮ್ಮದು, ಫಿಲಿಪಾ ಮೇಡಂ ಅದರ ಮುಖ್ಯಸ್ಥೆ. ಶತಮಾನಗಳ ಹಿಂದೆ ಈ ಪಟ್ಟಣದಲ್ಲಿ ಫ್ರಯರ್ ಎಂಬ ಸನ್ಯಾಸಿಗಳಿದ್ದರು. ಮಠದ ಗೋಡೆಯೊಳಗೆ ಕೂರುವ ಪೈಕಿ ಅಲ್ಲ. ಪೇಟೆಯ ನಡುವೆ ಇದ್ದು, ಭಿಕ್ಷೆ ಎತ್ತಿ ಉಂಡು, ಚೌಕದಲ್ಲಿ ನಿಂತು ಬೆಣ್ಣೆ ಮಾರುವವಳಿಗೂ ಬಟ್ಟೆ ವ್ಯಾಪಾರಿಗೂ "ಪಶ್ಚಾತ್ತಾಪ ಪಡಿ" ಎಂದು ಸಾರುತ್ತಿದ್ದರು. ನಾನು ಬಸಣ್ಣನಿಗೆ ಇದನ್ನು ಹೇಳಿದಾಗ ಅವನು, "ಅಂದ್ರ ಜಂಗಮಯ್ಯ ಅನ್ನು, ಅದಕ್ಕ ಇಷ್ಟ್ಯಾಕ ಎಳೀತಿ?" ಎಂದ. ಅಂಥ ಒಬ್ಬ ಫ್ರಯರ್‌ನ ವೇಷ ಹಾಕಿ, ಬೂದು ಬಣ್ಣದ ಉಣ್ಣೆಯ ನಿಲುವಂಗಿ ತೊಟ್ಟು, ಸೊಂಟಕ್ಕೆ ಗಂಟು ಹಾಕಿದ ಹಗ್ಗ ಕಟ್ಟಿ, ಒಂದು ಪೆಟ್ಟಿಗೆಯ ಮೇಲೆ ನಿಂತು, ಬಂದವರಿಗೆ ಪಶ್ಚಾತ್ತಾಪದ ಪ್ರವಚನ ಕೊಡುವುದು. ಅದೇ ಕೆಲಸ.

ಮೊದಲ ಪ್ರವಚನಕ್ಕೆ ಅಕ್ಸ್‌ಬ್ರಿಡ್ಜ್‌ನ ಒಂದು ಶಾಲೆಯ ಮಕ್ಕಳು. ಮೇಡಂ ಬರೆದುಕೊಟ್ಟಿದ್ದ ಮಾತುಗಳನ್ನು ಬಾಯಿಪಾಠ ಮಾಡಿದ್ದೆ. ಪೆಟ್ಟಿಗೆ ಹತ್ತಿದ ಕೂಡಲೇ ಎಲ್ಲ ಮರೆತುಹೋಯಿತು. ನನ್ನ ಅಜ್ಜ ಒಳ್ಳೆಯ ಮಾತುಗಾರ. ಇಗರ್ಜಿಯ, ಎಂದರೆ ನಮ್ಮ ಚರ್ಚಿನ, ಪೂಜೆ ಒಂದೂ ತಪ್ಪಿಸುತ್ತಿರಲಿಲ್ಲ, ಊರ ಗದ್ದೆಯ ಯಕ್ಷಗಾನವನ್ನೂ ತಪ್ಪಿಸುತ್ತಿರಲಿಲ್ಲ. ಮನೆಯಲ್ಲಿ ಕೊಂಕಣಿ ಆಡಿದರೂ ನನ್ನ ಕನ್ನಡವೆಲ್ಲ ಅವನ ಬಾಯಿಯಿಂದ ಬಿದ್ದದ್ದು. ಆಗ ಅಜ್ಜನೇ ನಾಲಿಗೆಗೆ ಬಂದ. ನಾನು ಹುಬ್ಬು ಮೇಲೆತ್ತಿ, ಕಾಲು ಒಮ್ಮೆ ಕುಟ್ಟಿ, ಇಂಗ್ಲಿಷಿನಲ್ಲಿ ಆದರೆ ಅಪ್ಪಟ ರಾಕ್ಷಸ ವೇಷದ ದನಿಯಲ್ಲಿ, "ಎಲವೋ ಲಂಡನ್ ಪಟ್ಟಣಿಗರಿರಾ!" ಎಂದು ಅಬ್ಬರಿಸಿದೆ. ಪೆಟ್ಟಿಗೆಯ ಹಲಗೆ ಬಿರುಕುಬಿಟ್ಟಿತು. ಮಕ್ಕಳು ಕಿರುಚಿ ಒಬ್ಬರ ಮೇಲೊಬ್ಬರು ಬಿದ್ದರು. ಹಿಂದೆ ನಿಂತಿದ್ದ ಅವರ ಟೀಚರ್ ಮಾತ್ರ ಕೈ ಎತ್ತಿ, ಅಳುತ್ತಾ, "ಸ್ಟಾಫ್ ರೂಮಿನ ಬಿಸ್ಕತ್ತು ಕದಿಯುತ್ತಿದ್ದದ್ದು ನಾನೇ" ಎಂದುಬಿಟ್ಟಳು.

ಫಿಲಿಪಾ ಮೇಡಂ ಆಮೇಲೆ ಮೆಲ್ಲಗೆ ಕೇಳಿದರು: "ಇದನ್ನು ಎಲ್ಲಿ ಕಲಿತಿರಿ?"

"ಗದ್ದೆಯಲ್ಲಿ," ಎಂದೆ.

ಪ್ರವಚನದ ಕೊನೆಗೆ ಒಂದು ಬೆಂಕಿ ಇತ್ತು. ಆ ಕಾಲದ ದೊಡ್ಡ ಪ್ರವಚನಕಾರರು ಊರ ಚೌಕದಲ್ಲಿ ಬೆಂಕಿ ಹಾಕಿಸಿ, ಜನ ತಮ್ಮ ಆಡಂಬರದ ವಸ್ತುಗಳನ್ನೆಲ್ಲ, ಜೂಜಿನ ದಾಳ, ಕನ್ನಡಿ, ಚೌರಿ ಎಲ್ಲ ತಂದು ಅದಕ್ಕೆ ಎಸೆಯುವಂತೆ ಮಾಡುತ್ತಿದ್ದರಂತೆ. "ಇದು ಹೆಚ್ಚಾಗಿ ಇಟಲಿಯಲ್ಲಿ ನಡೆದದ್ದು, ಇಲ್ಲಿ ಅಲ್ಲ" ಎಂದು ಮೇಡಂ ನನ್ನಿಂದ ಪ್ರತಿ ಸಲ ಹೇಳಿಸುತ್ತಿದ್ದರು. ಪ್ರತಿ ಸಲವೂ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ನಮ್ಮ ಬೆಂಕಿ ಎಂದರೆ ಕಿತ್ತಳೆ ಬಣ್ಣದ ರೇಷ್ಮೆಯ ಪಟ್ಟಿಗಳು, ಕೆಳಗೆ ಒಂದು ಫ್ಯಾನು, ಒಂದು ಬಲ್ಬು, ಅದರ ಸುತ್ತ ಬಿದ್ದದ್ದನ್ನು ಹಿಡಿಯುವ ಬಲೆ. ಬಂದವರು ಏನಾದರೂ ಎಸೆಯಬೇಕು, ಹೋಗುವಾಗ ಬಾಗಿಲ ಬಳಿ ವಾಪಸು ತೆಗೆದುಕೊಳ್ಳಬೇಕು.

ಏನೇನು ಬಿದ್ದಿದೆ ಎನ್ನುತ್ತೀರಿ! ಒಬ್ಬ ಗಟ್ಟಿಮುಟ್ಟಾದ ಆಸಾಮಿ ಜಿಮ್ ಕಾರ್ಡು ಎಸೆದ. ಬಾಗಿಲಲ್ಲಿ ಕೊಡಲು ಹೋದರೆ, "ಬೇಡ, ನಾನು ನಿಜವಾಗಿ ಪಶ್ಚಾತ್ತಾಪಪಟ್ಟಿದ್ದೇನೆ" ಎಂದು ಓಡಿದ. ಒಬ್ಬ ಅಜ್ಜಿ ಹಲ್ಲಿನ ಸೆಟ್ಟನ್ನೇ ಹಾಕಿ, ಬೊಚ್ಚುಬಾಯಿಯಲ್ಲಿ, "ಎಲ್ಲ ಇದರಿಂದಲೇ ಆದದ್ದು" ಎಂದಳು. ಒಬ್ಬ ಗಂಡ ಹೆಂಡತಿಯ ಎದುರಿಗೇ ಮದುವೆಯ ಉಂಗುರ ಎಸೆದು ನಕ್ಕ. ಅವಳು ನಗಲಿಲ್ಲ. ಅವತ್ತು ಉಂಗುರ ಬಲೆಯ ಕಣ್ಣಿನಿಂದ ಜಾರಿ ಫ್ಯಾನಿನೊಳಗೆ ಸಿಕ್ಕಿಕೊಂಡಿತು. ಅವನು ನೆಲದ ಮೇಲೆ ಕವುಚಿ ಮಲಗಿ ಅದನ್ನು ಹುಡುಕುತ್ತಿರುವಾಗ ಹೆಂಡತಿ ಪಕ್ಕದಲ್ಲಿ ನಿಂತು ಸ್ಯಾಂಡ್‌ವಿಚ್ ತಿಂದಳು. ಹೊಸಬರಿಗೆ ಹೇಳುತ್ತೇನೆ: ಬಲೆಯ ಕಣ್ಣು ಸಣ್ಣದಿರಲಿ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬಕೆಟ್ಟು, ಮಾಪು ಇದ್ದುದರಿಂದ ನಾನು ಮನೆಯಿಂದಲೇ ವೇಷ ತೊಟ್ಟು ಹೊರಡುತ್ತಿದ್ದೆ. ಎಜ್‌ವೇರ್ ಕೊನೆಯ ಸ್ಟೇಷನ್, ಟ್ಯೂಬ್ ರೈಲಿನಲ್ಲಿ ಸೀಟು ಸಿಗುತ್ತದೆ. ಲಿಲ್ಲಿ ಮಾತ್ರ ಸ್ಟೇಷನ್ನಿನವರೆಗೆ ನನ್ನ ಜೊತೆ ಬರುತ್ತಿರಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದಳು. "ಹ್ಯಾಲೋವೀನ್ ಮುಗಿದು ಎಷ್ಟು ಕಾಲವಾಯಿತು, ಗೊತ್ತುಂಟಾ ನಿಮಗೆ?" ಎಂದು ಅಲ್ಲಿಂದಲೇ ಕೇಳುತ್ತಿದ್ದಳು.

ಈ ವೇಷದಿಂದ ಒಂದು ಗಂಡಾಂತರವೂ ಆಯಿತು. ಮಧ್ಯಾಹ್ನ ಮ್ಯೂಸಿಯಂ ಹಿಂದಿನ ಬೆಂಚಿನಲ್ಲಿ ಕೂತು ಬುತ್ತಿ ತಿನ್ನುತ್ತಿದ್ದೆ. ಕೋಟು ಟೈ ಹಾಕಿದ ಒಬ್ಬಾತ ಪಕ್ಕದಲ್ಲಿ ಕೂತು, ನನ್ನ ಮುಖ ನೋಡದೆ, ತನ್ನ ಪಾಪಗಳನ್ನೆಲ್ಲ ಹೇಳತೊಡಗಿದ. ಬಾಯಲ್ಲಿ ಅನ್ನ, ತಡೆಯಲು ಆಗಲಿಲ್ಲ. ನಾನು ಪಾದ್ರಿಯಲ್ಲ, ಹೆಂಡತಿ ಇರುವವನು. ಪಾಪನಿವೇದನೆ ಕೇಳುವ ಹಕ್ಕು ನನಗೆಲ್ಲಿ? ಹೆದರಿ ಆ ಭಾನುವಾರ ನಮ್ಮ ಚರ್ಚಿನ ಫಾದರ್ ಬಳಿ ಹೋದೆ.

"ಅವನು ಮುಗಿಸಿದ ಮೇಲೆ ನೀನು ಏನು ಹೇಳಿದೆ?" ಎಂದು ಫಾದರ್ ಕೇಳಿದರು.

"ಮ್ಯೂಸಿಯಂ ಐದು ಗಂಟೆಗೆ ಮುಚ್ಚುತ್ತದೆ ಅಂದೆ, ಫಾದರ್."

"ಅದಕ್ಕೆ ಅವನು?"

"ತುಂಬ ಹಗುರವಾಯಿತು ಅಂತ ಕೈ ಕುಲುಕಿ ಹೋದ."

ಫಾದರ್, "ನಾನೂ ಅದನ್ನೇ ಹೇಳಿ ನೋಡಬೇಕು" ಎಂದರು.

ಇನ್ನು ಬಸಣ್ಣನ ಮರಿಗೆಯ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸದಲ್ಲಿ ನೆನಪಿಡುವಂಥ ಕೇಸು ಎಂದರೆ ಅದೊಂದೇ.

ಬಸಣ್ಣನಿಗೆ ಒಬ್ಬಳೇ ಅಕ್ಕ, ಗಂಗಕ್ಕ. ಅವಳು ಊರಿನಿಂದ ಬರುವಾಗ ಅವ್ವ ಜೋಳದ ಹಿಟ್ಟು ನಾದುತ್ತಿದ್ದ ಮರದ ಮರಿಗೆಯನ್ನು ವಿಮಾನದಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಮುಂದೆ ಅವಳು ಸ್ಟೇಡಿಯಂ ಹತ್ತಿರದ ಹೊಸ ಫ್ಲಾಟಿಗೆ ಹೋದಾಗ ಅಡುಗೆಮನೆ ಸಣ್ಣದಾಯಿತು. "ಸ್ವಲ್ಪ ದಿವಸ ನಿನ್ನ ಶೆಡ್ಡಿನ್ಯಾಗ ಇರಲಿ ಬಸ್ಯಾ" ಎಂದು ತಮ್ಮನ ಮನೆಯಲ್ಲಿ ಇಟ್ಟಳು. ಬಸಣ್ಣನಿಗೆ ಆಗಷ್ಟೇ ತೋಟಗಾರಿಕೆಯ ಹುಚ್ಚು ಹತ್ತಿತ್ತು. ಎಲ್ಲ ಪಕ್ಕದ ಮನೆಯ ಇಂಗ್ಲಿಷ್ ಮುದುಕನ ಸಹವಾಸ. ಗಂಗಕ್ಕ ಶ್ರಾವಣಕ್ಕೆ ತಮ್ಮನ ಮನೆಗೆ ಪಂಚಮಿ ಉಂಡಿ ತಗೊಂಡು ಬಂದು ನೋಡುತ್ತಾಳೆ, ಬಾಗಿಲ ಮುಂದೆ ಅವ್ವನ ಮರಿಗೆ, ಅದರ ತುಂಬ ಮಣ್ಣು, ಮಣ್ಣಿನ ತುಂಬ ನೇರಳೆ ಬಣ್ಣದ ಪೆಟೂನಿಯ. ನೀರು ಇಳಿದು ಹೋಗಲಿ ಎಂದು ತಳದಲ್ಲಿ ಡ್ರಿಲ್ಲಿನಿಂದ ತೂತು ಬೇರೆ ಕೊರೆದಿದ್ದ. ಹಾಳಾದವನು ಅದರ ಪಕ್ಕದಲ್ಲಿ ನಿಂತು, "ಹೆಂಗ ಐತಿ ಅಕ್ಕಾ?" ಎಂದು ಬೇರೆ ಕೇಳಿದ.

ಗಂಗಕ್ಕ ಉಂಡಿಯ ಡಬ್ಬಿಯನ್ನು ಹೊಸಿಲ ಆಚೆಯೇ ಇಟ್ಟು ಹೋದಳು. ಆಮೇಲೆ ಆ ಹೊಸಿಲು ತುಳಿಯಲಿಲ್ಲ. ಶ್ರಾವಣಗಳು ಬಂದು ಹೋದವು, ಉಂಡಿ ಬರಲಿಲ್ಲ.

ಬಸಣ್ಣ ಮಣ್ಣು ತೆಗೆದ, ಮರಿಗೆ ತೊಳೆದ, ತೂತಿಗೆ ಮರದ ಬೆಣೆ ಬಡಿದ. ಅಕ್ಕನ ಮನಸ್ಸಿಗೆ ಬೆಣೆ ಬಡಿಯಲು ಆಗಲಿಲ್ಲ. ಹೀಗಿರುವಾಗ ಅವನ ಮಗಳು ವಿದ್ಯಾಳ ಮದುವೆ ಗೊತ್ತಾಯಿತು. ವಿದ್ಯಾ ಇಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವಳು ಅಪ್ಪನಿಗೆ ಒಂದೇ ಮಾತು ಹೇಳಿದಳು: "ಅತ್ತಿ ಬರಲಿಲ್ಲ ಅಂದ್ರೆ ನೋ ಅರಿಷಿಣ, ಡ್ಯಾಡ್. ಐ ಮೀನ್ ಇಟ್." ಸೋದರತ್ತೆ ಹಚ್ಚದ ಅರಿಷಿಣ ಎಂಥ ಅರಿಷಿಣ ಎಂದು ಬಸಣ್ಣನಿಗೂ ಅನಿಸಿತ್ತು. ಕೋಚ್ ಓಡಿಸುವ ದೊಡ್ಡ ಮನುಷ್ಯ, ನನ್ನ ಬೆಂಚಿನ ಮೇಲೆ ಕೂತು ಕಣ್ಣು ಒರೆಸಿಕೊಂಡ. "ನೀ ದಿನಾ ಊರ ಮಂದೀನೆಲ್ಲಾ ಅಳಸ್ತಿ. ನನ್ನ ಅಕ್ಕನ್ನೊಬ್ಬಾಕಿನ್ನ ಅಳಸು, ನಿನ್ನ ಕಾಲ ಬೀಳ್ತೀನಿ."

ನಾನು ಅವನ ಜೊತೆ ಗಂಗಕ್ಕನ ಫ್ಲಾಟಿಗೆ ಹೋದೆ. ಕೆಲಸದಿಂದ ನೇರ ಹೋದದ್ದು, ಮೈಮೇಲೆ ವೇಷ. ಲಿಫ್ಟಿನಲ್ಲಿ ಒಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ಗಂಗಕ್ಕ ಬಾಗಿಲಿನ ಸರಪಳಿ ತೆಗೆಯದೆ ಸಂದಿಯಿಂದ ನೋಡಿದಳು.

"ಏನ್ರಿ ಪಾದ್ರಿ ಸಾಹೇಬ್ರ, ಯಾರರ ಸತ್ತಾರೇನ್ರಿ?"

"ಇಲ್ಲ ಗಂಗಕ್ಕ, ನಾನು ಸಿರಿಲ್. ಬಸಣ್ಣ ಒಂದು ಮಾತು ಹೇಳಬೇಕು ಅಂತ..."

ಬಸಣ್ಣ ನನ್ನ ಬೆನ್ನ ಹಿಂದಿನಿಂದಲೇ ಕೂಗಿದ: "ಅಕ್ಕಾ, ತಪ್ಪಾತು!"

"ತಾನಾಗೇ ಆತೇನು?" ಎಂದಳು ಗಂಗಕ್ಕ.

"ಹಂ?"

"ತಪ್ಪು ತಾನಾಗೇ ಆತೇನು ಅಂದೆ. ಮಳಿ ಆತು, ಬೆಳಗಾತು, ತಪ್ಪಾತು. ನಿನ್ನ ಮನ್ಯಾಗ ಎಲ್ಲಾ ತಾನಾಗೇ ಆಗ್ತಾವ ನೋಡು. ಡ್ರಿಲ್ಲು ತಾನಾಗೇ ಎದ್ದು ಬಂದು ತೂತ ಕೊರೀತೇನು?"

"ಅಕ್ಕಾ, ಸಾರಿ..."

"ಸಾರಿ ಅಂತ ಕಾಲ ತುಳಿದ ಮಂದಿ ಟ್ಯೂಬಿನ್ಯಾಗ ದಿನಾ ಅಂತಾರ. ಹೋಗ."

ಬಾಗಿಲು ಮುಚ್ಚಿತು. ಲಿಫ್ಟಿನಲ್ಲಿ ಇಳಿಯುವಾಗ ಬಸಣ್ಣ, "ಮತ್ತೇನ ಅನ್ಬೇಕಿತ್ತು? ಎಲ್ಲಾರೂ ಹಂಗ ಅಲ್ಲೇನು ಅನ್ನೂದು?" ಎಂದ. ಹುಟ್ಟಿದಾಗಿನಿಂದ ನಾನೂ ತಪ್ಪಾಯಿತು ಎಂದೇ ಹೇಳುತ್ತಾ ಬಂದವನು.

ಮರುದಿನ ಫಿಲಿಪಾ ಮೇಡಂಗೆ ಇದನ್ನು ಹೇಳಿದೆ. ತಪ್ಪಾಯಿತು ಎಂಬುದನ್ನು ಅವರಿಗೆ ಬಿಡಿಸಿ ಹೇಳುವುದೇ ಕಷ್ಟವಾಯಿತು. "ಒಂದು ತಪ್ಪು ಸಂಭವಿಸಿತು," ಎಂದೆ.

"ಯಾರಿಂದ?"

"ಅದನ್ನು ಹೇಳುವುದಿಲ್ಲ ಮೇಡಂ."

"ಎಷ್ಟು ಅನುಕೂಲದ ಭಾಷೆ!" ಎಂದು ಮೇಡಂ ಕುಣಿದಾಡಿದರು. "ನಿಮ್ಮ ಗಂಗಕ್ಕನಿಗೆ ಆ ಕಾಲದಲ್ಲಿ ಹತ್ತಿ ನಿಲ್ಲಲು ಒಂದು ಪೆಟ್ಟಿಗೆ ಕೊಡಬೇಕಿತ್ತು, ಸಿರಿಲ್. ಫ್ರಯರ್‌ಗಳು ಊರೂರು ತಿರುಗಿ ಹೇಳಿದ್ದು ಅದನ್ನೇ. ದ್ವೇಷ ಕಟ್ಟಿಕೊಂಡ ಮನೆಯವರನ್ನು ಚೌಕಕ್ಕೆ ಕರೆಸಿ, ಎಲ್ಲರ ಮುಂದೆ 'ನಾನು ಮಾಡಿದೆ' ಎನಿಸಿ, ಆಮೇಲೆ ಅಪ್ಪಿಕೊಳ್ಳಿ ಎನ್ನುತ್ತಿದ್ದರು."

ಅಷ್ಟರಲ್ಲಿ ಫಿಲಿಪಾ ಮೇಡಂ ನಿವೃತ್ತರಾಗಿ ಅವರ ಜಾಗಕ್ಕೆ ಗ್ಯಾವಿನ್ ಬಂದ. ಒಳ್ಳೆಯ ಹುಡುಗ, ಆದರೆ ಎಲ್ಲವನ್ನೂ ನಯ ಮಾಡುವ ರೋಗ. ನನ್ನ ಕೆನ್ನೆಗೆ ಮೈಕು ಅಂಟಿಸಿದ. ಅಬ್ಬರ ಕಡಿಮೆ ಮಾಡಿ ಎಂದ. ಪೆಟ್ಟಿಗೆಗೆ ಕೈಹಿಡಿ ಹಾಕಿಸಿದ. "ಪಾಪ" ಎನ್ನಬೇಡಿ, ಜನರಿಗೆ ಬೇಸರವಾಗುತ್ತದೆ, "ಅಷ್ಟು ಒಳ್ಳೆಯದಲ್ಲದ ಆಯ್ಕೆ" ಎನ್ನಿ ಎಂದ. ನರಕಕ್ಕೂ ಒಂದು ಹೆಸರು ಹುಡುಕಿದ: "ಅಹಿತಕರ ಉಷ್ಣತೆಯ ಜಾಗ." ಒಂದು ವಾರ ಹಾಗೆಯೇ ಹೇಳಿದೆ. ಒಬ್ಬ ಪ್ರವಾಸಿ ಬಂದು, ಆ ಜಾಗಕ್ಕೆ ಮೇ ತಿಂಗಳಲ್ಲಿ ಹೋದರೆ ಹೇಗಿರುತ್ತದೆ ಎಂದು ಕೇಳಿದ. ಆಮೇಲೆ ನಾನು ಮತ್ತೆ ನರಕಕ್ಕೇ ಬಂದೆ.

ಆದರೆ ಗ್ಯಾವಿನ್‌ನಿಂದ ಒಂದು ಉಪಕಾರವಾಯಿತು. ಲಂಡನ್ನಿನ ಬೇರೆ ಬೇರೆ ಭಾಷೆಯವರ ಬಳಿ ಅವರ ಭಾಷೆಯಲ್ಲೇ ಪ್ರವಚನ ಕೊಡಬೇಕು ಎಂದು ಅವನ ತಲೆಗೆ ಬಂತು. ನಮ್ಮ ಕನ್ನಡದವರು ನವೆಂಬರಿನಲ್ಲಿ ವೆಂಬ್ಲಿಯ ಒಂದು ಹಾಲ್‌ನಲ್ಲಿ ರಾಜ್ಯೋತ್ಸವ ಮಾಡುತ್ತಿದ್ದರು. ಮಕ್ಕಳ ಡ್ಯಾನ್ಸು ಮತ್ತು ಬಿಸಿಬೇಳೆಬಾತಿನ ನಡುವೆ ನನಗೆ ಜಾಗ ಸಿಕ್ಕಿತು. ರೇಷ್ಮೆ ಬೆಂಕಿಯನ್ನು ಬಸಣ್ಣ ತನ್ನ ಕೋಚ್‌ನಲ್ಲೇ ತಂದ. ಗಂಗಕ್ಕ ಬಂದೇ ಬರುತ್ತಾಳೆ, ಅವಳದೇ ಶೇಂಗಾ ಚಟ್ನಿ ಅವತ್ತು.

ಬೆಂಗಳೂರಿನವರು, ಮೈಸೂರಿನವರು, ಧಾರವಾಡದವರು, ನಮ್ಮ ಕರಾವಳಿಯವರು, ಎಲ್ಲರೂ ಇದ್ದರು. ಗಂಗಕ್ಕ ಎಡಗಡೆ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು. ಬಸಣ್ಣ ಬಲಗಡೆ ಗೋಡೆಗೆ ಒರಗಿ, ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡು ನಿಂತಿದ್ದ. ಒಳಗೆ ಏನೋ ಉಬ್ಬಿತ್ತು. ಚಳಿಗೆ ಸ್ವೆಟರ್ ಹಾಕಿದ್ದಾನೆ ಎಂದುಕೊಂಡೆ.

ನಾನು ಪೆಟ್ಟಿಗೆ ಹತ್ತಿದೆ. ಗ್ಯಾವಿನ್‌ನ ಮೈಕು ಕಿತ್ತು ಜೇಬಿಗೆ ಹಾಕಿದೆ. "ಎಲವೋ ವೆಂಬ್ಲಿ ಪಟ್ಟಣಿಗರಿರಾ!" ಎಂದೆ. ಅಷ್ಟು ವರ್ಷ ಬೇರೆಯವರ ಭಾಷೆಯಲ್ಲಿ ಹೇಳಿದ್ದನ್ನು ನನ್ನ ಅಜ್ಜನ ಭಾಷೆಯಲ್ಲಿ ಹೇಳುವಾಗ ನನಗೇ ಮೈ ಜುಮ್ಮೆಂದಿತು. ಮುಂದೆ ಗಂಗಕ್ಕನ ಮಾತನ್ನೇ ಕದ್ದೆ.

"ತಪ್ಪಾಯಿತು ಅನ್ನುತ್ತೀರಿ. ಹಾಲು ಉಕ್ಕಿತು, ಗ್ಲಾಸು ಬಿತ್ತು, ಫೋನ್ ಮಾಡಲಿಕ್ಕೆ ಆಗಲಿಲ್ಲ. ನಮ್ಮ ಮನೆಗಳಲ್ಲಿ ಯಾರೂ ಏನೂ ಮಾಡುವುದಿಲ್ಲ ಮಾರಾಯರೇ, ಎಲ್ಲ ಆಗುತ್ತದೆ! ಇವತ್ತು ಈ ಬೆಂಕಿಯ ಎದುರು ಒಬ್ಬರಾದರೂ 'ನಾನು ಮಾಡಿದೆ' ಎನ್ನಿ ನೋಡುವ."

ಮೈಸೂರಿನ ಒಬ್ಬ ಸೊಸೆ ಎದ್ದು ನಿಂತಳು. "ಅತ್ತೆ, ನಿಮ್ಮ ಮೈಸೂರುಪಾಕಿನ ಪಾಕೀಟು ಕಸ್ಟಮ್ಸಿನವರು ಹಿಡಿದಿಟ್ಟುಕೊಂಡ್ರು ಅಂದಿದ್ನಲ್ಲ. ನಾನು ತಿಂದೆ." ಅತ್ತೆ ಕೂತಲ್ಲಿಂದಲೇ, "ನಂಗೆ ಗೊತ್ತಿತ್ತಮ್ಮ. ಕಸ್ಟಮ್ಸಿನವ್ರು ತಿಂದ್ರೆ ನಿಂಗ್ಯಾಕೆ ಶುಗರ್ ಜಾಸ್ತಿ ಆಗುತ್ತೆ?" ಎಂದರು. ಹಾಲ್‌ ಬಿದ್ದು ಬಿದ್ದು ನಕ್ಕಿತು. ಆಮೇಲೆ ತಡೆ ಇರಲಿಲ್ಲ. ಬೆಂಗಳೂರಿನ ಒಬ್ಬರು, ಹಿಂದಿನ ವರ್ಷ ಸಂಘದ ಚುನಾವಣೆಯ ಎದುರಾಳಿಯ ಭಾಷಣದ ಹೊತ್ತಿಗೆ ಮೈಕಿನ ವೈರು ಕಿತ್ತದ್ದು ತಾನೇ ಎಂದರು. ಆ ಎದುರಾಳಿ ಎದ್ದು, ಆ ಭಾಷಣ ಬೇರೆಯವರದನ್ನು ಕದ್ದದ್ದು ಎಂದ. ನನ್ನ ಲಿಲ್ಲಿ ಹಿಂದಿನ ಸಾಲಿನಿಂದ, "ನಿಮ್ಮ ಈ ವೇಷದ ಅಂಗಿಯನ್ನು ಹಳೆ ಬಟ್ಟೆಯ ಚಾರಿಟಿ ಅಂಗಡಿಗೆ ಕೊಟ್ಟುಬಂದದ್ದು ನಾನೇ. ಅವರು ಬೇಡ ಅಂತ ವಾಪಸು ಕೊಟ್ಟರು" ಎಂದಳು. ಊರೆಲ್ಲ ರಾಜಿಯಾಯಿತು. ಗಂಗಕ್ಕ ಮಾತ್ರ ಕೈಕಟ್ಟಿ ಕೂತೇ ಇದ್ದಳು. ಅವಳ ಕಣ್ಣು ಬಲಗಡೆಯ ಗೋಡೆಯ ಮೇಲೆ.

ಬಸಣ್ಣ ಬಂದ. ತಲೆ ತಗ್ಗಿಸಿ, ಜನರ ನಡುವೆ ದಾರಿ ಮಾಡಿಕೊಂಡು, ಬೆಂಕಿಯ ಎದುರು ನಿಂತ. ಜಿಪ್ಪು ಇಳಿಸಿ ಒಳಗಿನಿಂದ ತೆಗೆದ. ಆ ಡ್ರಿಲ್ಲು! ಮರಿಗೆಗೆ ತೂತು ಕೊರೆದ ಅದೇ ಡ್ರಿಲ್ಲು. ನಾನು "ಬೇಡ ಬಸಣ್ಣ, ಬಲೆ ತಡೆಯುವುದಿಲ್ಲ" ಎನ್ನುವಷ್ಟರಲ್ಲಿ ಎತ್ತಿ ಹಾಕಿಯೇ ಬಿಟ್ಟ. ಡ್ರಿಲ್ಲು ರೇಷ್ಮೆ ಹರಿದುಕೊಂಡು, ಬಲೆ ಹರಿದುಕೊಂಡು, ಫ್ಯಾನಿನ ಮೇಲೆ, ಫ್ಯಾನು ಬಲ್ಬಿನ ಮೇಲೆ. ಟಪ್ ಎಂದಿತು. ಹಾಲ್‌ನ ದೀಪಗಳೆಲ್ಲ ಹೋದವು. ನವೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೇ ಹೊರಗೆ ಕತ್ತಲು. ಒಳಗಂತೂ ನನ್ನ ಕೈ ನನಗೆ ಕಾಣುತ್ತಿರಲಿಲ್ಲ. ಗ್ಯಾವಿನ್ ಎಲ್ಲೋ ಮೂಲೆಯಲ್ಲಿ, ಯಾರೂ ಕದಲಬೇಡಿ ಎಂದು ಇಂಗ್ಲಿಷಿನಲ್ಲಿ ಬೇಡಿಕೊಳ್ಳುತ್ತಿದ್ದ. ಮಕ್ಕಳು ಕಿಸಕ್ಕೆಂದರು, ಆಮೇಲೆ ಅವರೂ ಸುಮ್ಮನಾದರು.

ಆ ಕತ್ತಲಲ್ಲಿ ಬಸಣ್ಣನ ದನಿ ಬಂತು. "ನಾ ಮಾಡೀನಿ."

ಎಡಗಡೆಯಿಂದ ಗಂಗಕ್ಕನ ದನಿ: "ಯಾರು ನಾ?"

"ಬಸ್ಯಾ."

"ಏನ ಮಾಡೀ?"

"ಅವ್ವನ ಮರಿಗಿಗೆ ತೂತ ಕೊರದೀನಿ. ಅದು ಅವ್ವಂದು ಅಂತ ನನಗ ಗೊತ್ತಿತ್ತು ಅಕ್ಕಾ. ಹೂವಿಗೆ ಚಂದ ಕಾಣ್ತದ ಅಂತ ಕೊರದೆ. ನಾನಽ ಕೊರದೆ."

ಆಮೇಲೆ ಕುರ್ಚಿ ಸರಿದ ಸದ್ದು, ಯಾರದೋ ಕಾಲು ತುಳಿದ ಸದ್ದು, ಯಾರೋ "ಅಯ್ಯೋ" ಎಂದದ್ದು, ಆಮೇಲೆ ಗಂಗಕ್ಕ ಬಹಳ ಹತ್ತಿರದಿಂದ, ಮೂಗು ಕಟ್ಟಿದ ದನಿಯಲ್ಲಿ ಹೇಳಿದ್ದು: "ಆ ಹೂವ ಚಂದ ಇದ್ದೂ ಅನ್ನು, ಮೂಳ."

ಯಾರೋ ಫ್ಯೂಸು ಸರಿಮಾಡಿದರು. ದೀಪ ಬಂದಾಗ ಗಂಗಕ್ಕ ಅಪ್ಪಿಕೊಂಡದ್ದು ನನ್ನನ್ನು. ಕತ್ತಲಲ್ಲಿ ದಿಕ್ಕು ತಪ್ಪಿತ್ತು. ಅವಳು ನನ್ನ ಉಣ್ಣೆಯ ಅಂಗಿಯಲ್ಲಿ ಕಣ್ಣು ಒರೆಸಿಕೊಂಡು, "ನೀವಲ್ಲರಿ, ಸರೀರಿ" ಎಂದು ತಳ್ಳಿ, ತಮ್ಮನ ಕಡೆ ಹೋದಳು.

ಗ್ಯಾವಿನ್ ಆ ಬೆಂಕಿಯನ್ನು ರಿಪೇರಿ ಮಾಡಿಸಲಿಲ್ಲ. ಈಗ ಅದರ ಜಾಗದಲ್ಲಿ ಒಂದು ಸ್ಕ್ರೀನ್ ಇದೆ, ಅದರಲ್ಲಿ ಬೆಂಕಿ ಉರಿಯುತ್ತದೆ. ಅದಕ್ಕೆ ಏನೂ ಎಸೆಯಬಾರದು ಎಂದು ಬೋರ್ಡು. ಹೊಸಬರೇ, ನಿಮಗೆ ನಾನು ಹೇಳುವುದು ಒಂದೇ: ಬೆಂಕಿ ಯಾವುದಾದರೂ ಇರಲಿ, ಹದ ಉರಿ, ಒಳಗಿನವರೆಗೂ ಬೇಯಬೇಕು.

ವಿದ್ಯಾಳ ಅರಿಷಿಣ ಬಸಣ್ಣನ ಮನೆಯಲ್ಲೇ ಆಯಿತು. ನಾನೂ ಲಿಲ್ಲಿಯೂ ಹೋಗಿದ್ದೆವು. ಗಂಗಕ್ಕ ಅರಿಷಿಣವನ್ನು ಅವ್ವನ ಮರಿಗೆಯಲ್ಲೇ ಕಲಸುತ್ತೇನೆ ಎಂದು ಹಟ ಹಿಡಿದಳು. ಬೆಣೆ ಗಟ್ಟಿ ಇಲ್ಲ, ಬೇಡ ಅಕ್ಕಾ ಎಂದು ಬಸಣ್ಣ ಎಷ್ಟು ಹೇಳಿದರೂ ಕೇಳಲಿಲ್ಲ. ನೀರು ಹಾಕಿ ಕಲಸಿ, ಎತ್ತಿಕೊಂಡು, ನಡುಮನೆಗೆ ಬರುವಷ್ಟರಲ್ಲಿ ಬೆಣೆ ಜಾರಿ, ಹೊಸ ಕಾರ್ಪೆಟ್ಟಿನ ಮೇಲೆ ಧಾರೆಯಾಗಿ ಸುರಿಯಿತು. ಎಲ್ಲರೂ ನಿಂತಲ್ಲೇ ನಿಂತೆವು.

"ಸೋರಿತು," ಎಂದಳು ಗಂಗಕ್ಕ.

ಮಣೆಯ ಮೇಲೆ ಕೂತಿದ್ದ ವಿದ್ಯಾ ತಲೆ ಎತ್ತಿ ಕೇಳಿದಳು: "ತಾನಾಗೇ ಸೋರಿತೇನು, ಅತ್ತಿ?"

ಗಂಗಕ್ಕ ಕಾರ್ಪೆಟ್ ನೋಡಿದಳು. "ಇಲ್ಲವ್ವಾ. ನಾ ಸೋರಿಸೀನಿ," ಎಂದಳು. ಬಗ್ಗಿ ನೆಲದಿಂದ ಒಂದು ಹಿಡಿ ಅರಿಷಿಣ ಬಳಿದುಕೊಂಡಳು. ಮೊದಲು ತಮ್ಮನ ಕೆನ್ನೆಗೆ ಹಚ್ಚಿದಳು, ಆಮೇಲೆ ಮದುಮಗಳಿಗೆ.